ಸೋತವನ ಕೈಗೆ ಕೀಲಿಕೈ

ಕಾರ್ಮಿಕ ಸಂಘದ ಸಭೆಯಲ್ಲಿ ಮತಕ್ಕೆಂದು ಒಂದೊಂದು ಬಣ ಒಂದೊಂದು ಗೋಡೆಗೆ ನಿಲ್ಲಬೇಕಿತ್ತು; ಅವನು ಎದುರು ಗೋಡೆಗೆ ಹೋಗಿ ನಿಂತಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಚಪ್ಪಲಿ ಕಾರ್ಖಾನೆಗೆ ಬೀಗ ಜಡಿದು ಮಾಲೀಕ ಹೊರಟುಹೋಗಿದ್ದ. ನಾಳೆಯೇ ಒಳಗೆ ನುಗ್ಗಿ ನಾವೇ ನಡೆಸೋಣ, ದುಡಿಯುವವರದ್ದೇ ಕಾರ್ಖಾನೆ ಎಂದು ಹೊಲಿಗೆ ವಿಭಾಗದವಳಾದ ನಾನು ಗಂಟಲು ಹರಿದುಕೊಂಡೆ. ಮಷೀನು ರಿಪೇರಿ ಮಾಡುವ ಅವನು, ನಮ್ಮೆಲ್ಲರ ಬಾಯಲ್ಲಿ ನಿಧಾನಪ್ಪ, ಸಹಕಾರ ಸಂಘ ಕಟ್ಟಿ ಕಾನೂನಿನ ದಾರಿಯಲ್ಲೇ ಪಡೆಯೋಣ ಎಂದ. ಸಮಾಜವಾದ ಎಂಬ ಊರಿಗೆ ಹೊರಟವರೇ ಇಬ್ಬರೂ. ಅವನಿಗೆ ಸುತ್ತುದಾರಿ ಇಷ್ಟ, ನನಗೆ ಕಾಲುದಾರಿ.

ದಿನಾ ಒಂದೇ ಬೆಂಚಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದವರು ನಾವು. ಎದುರಿನಿಂದ ಅವನು ಕಣ್ಣಂಚಿನಲ್ಲೇ ನಕ್ಕ. ಕರಗಿಬಿಟ್ಟೇನೆಂದು ನಾನು ಫ್ಯಾನು ನೋಡುತ್ತ ನಿಂತೆ. ತಲೆ ಎಣಿಸಿದರು. ನಾವೇ ಗೆದ್ದೆವು.

ಅಂದು ರಾತ್ರಿಯೇ ಮಾಲೀಕನ ಬೀಗ ಒಡೆದು ನಮ್ಮದು ಹಾಕಿದೆವು. ಗೆದ್ದವರ ತಲೆ ತಿರುಗದಿರಲಿ ಎಂದು ಕೀಲಿಕೈಯನ್ನು ಸೋತವರಿಗೆ ಕೊಡುವುದು ನಮ್ಮ ಸಂಘದ ಪದ್ಧತಿ. ಅದು ಅವನ ಜೇಬು ಸೇರಿತು.

ಬೆಳಿಗ್ಗೆ ಗೇಟಿನ ಮುಂದೆ ಎಲ್ಲರೂ ಇದ್ದರು, ಅವನಿಲ್ಲ. ಮಾಲೀಕನ ಕಡೆ ಸೇರಿಕೊಂಡ ಎಂದು ಯಾರೋ ಗೊಣಗಿದರು. ಹಾಗೆಲ್ಲ ಮಾಡುವವನಲ್ಲ ಎಂದು ನಾನೇ ಜಗಳಕ್ಕೆ ಬಿದ್ದೆ. ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ಸುತ್ತುತ್ತಿದ್ದೆ. ಅಂಟು ಹಚ್ಚುವ ನಮ್ಮ ಚಿಕ್ಕಮ್ಮ ಕೈ ಹಿಡಿದು ನಿಲ್ಲಿಸಿದಳು. "ಕಾಯ್ತಿರೋದು ಕೀಲಿಗೋ, ಅವನಿಗೋ?"

"ಎರಡಕ್ಕೂ" ಎಂದು ರೇಗಿದೆ.

ಅಷ್ಟರಲ್ಲಿ ಬಂದ, ಯಾವತ್ತಿನ ಹಾಗೆ ಆರಾಮಾಗಿ. ತಡ ಯಾಕೆಂದು ಕೇಳಿದರೆ, ಅಮ್ಮನಿಗೆ ಹೇಳಿ ಬರುವುದಿತ್ತಂತೆ. ಪೊಲೀಸರು ಬಂದರೆ ಮೊದಲು ಹಿಡಿಯುವುದು ಕೀಲಿಕೈ ಇಟ್ಟುಕೊಂಡವನನ್ನೇ ತಾನೆ.

ನನಗೆ ಆ ಯೋಚನೆ ಬಂದೇ ಇರಲಿಲ್ಲ. ಬೇಡವೆಂದು ಅವನು ಎದುರು ಗೋಡೆಗೆ ನಿಂತ ಕೆಲಸಕ್ಕೆ ಅವನೇ ಸಿಕ್ಕಿಬೀಳಬೇಕೆ?

"ಕೊಡು ಇಲ್ಲಿ" ಎಂದು ಕೈ ಚಾಚಿದೆ.

"ಪದ್ಧತಿ ಅಂದ್ರೆ ಪದ್ಧತಿ. ಗೆದ್ದವಳಿಗೆ ಕೊಡೋ ಹಾಗಿಲ್ಲ." ಬೀಗಕ್ಕೆ ಕೀಲಿ ತೂರಿಸುತ್ತ ಅವನು ದನಿ ತಗ್ಗಿಸಿದ. "ಕಾರ್ಖಾನೆ ವಿಷಯದಲ್ಲಿ ನಿಧಾನ ಅಂದೆ. ನಿನ್ನ ವಿಷಯದಲ್ಲಿ ನನ್ನ ಕೈಲಿ ಆಗ್ತಿಲ್ಲ. ನಾಳೆನೇ ಮದುವೆ ಆಗೋಣ ಅಂದ್ರೆ ಏನಂತೀಯ?"

ನಾಳೆಯೇ ಎಂದು ಊರೆಲ್ಲ ಕೇಳುವಂತೆ ಕೂಗಿದ್ದವಳು ನಾನು. ಕೀಲಿ ಹಿಡಿದ ಅವನ ಕೈಯ ಮೇಲೆ ನನ್ನ ಕೈ ಇಟ್ಟೆ. ಗ್ರೀಸು ಮೆತ್ತಿಕೊಂಡಿತು.

"ತಿರುಗಿಸು" ಎಂದೆ. "ಹಿಡಿದ್ರೆ ಇಬ್ಬರನ್ನೂ ಹಿಡೀಲಿ."