ಒಂದೂಕಾಲು ಗಂಟೆಯ ದಾರಿ

“ಕೊನೇ ಸಾಲು ಓದಿ…”

ಕನ್ನಡಕದಂಗಡಿಯ ಕತ್ತಲೆ ಕೋಣೆಯಲ್ಲಿ, ಗೋಡೆಯ ಮೇಲೆ ಬೆಳಗುತ್ತಿದ್ದ ಅಕ್ಷರಗಳತ್ತ ಕೈ ತೋರಿಸಿ ಅವಳು ಅಭ್ಯಾಸಬಲದಿಂದ ಹೇಳಿದಳು.

“ಕಣ್ಣು ಚೆನ್ನಾಗೇ ಇದೆ. ನಿನ್ನ ನೋಡೋಕೆ ಬಂದೆ.”

ಆ ದನಿ! ತಡವರಿಸುತ್ತಾ ದೀಪ ಹಾಕಿದಳು.

ಅವನೇ… ವರ್ಷದ ಹಿಂದೆ ಅವಳು ಮದುವೆಯಾಗಬೇಕಿದ್ದ ಅವನೇ!

“ದಾರಿ ತಪ್ಪಿ ಬಂದ್ರಾ?” ಬೇಕೆಂದೇ ಬಹುವಚನ ಹಚ್ಚಿದಳು.

“ಹಾಗೆ ಮಾತಾಡ್ಬೇಡ ಕಣೇ…”

“ಮತ್ತೆ ಹೇಗೆ ಮಾತಾಡ್ಲಿ? ನಿನ್ನೂರಿಂದ ಇಲ್ಲಿಗೆ ವಿಮಾನದಲ್ಲಿ ಒಂದೂಕಾಲು ಗಂಟೆ. ನಿನಗೆ ಒಂದು ವರ್ಷ ಹಿಡೀತಾ?”

ಬಂದರಿನ ಊರಿನಲ್ಲಿ ಅವನು ಮುಳುಗುಗಾರ. ನೀರಿನಾಳಕ್ಕಿಳಿದು ಹಡಗುಗಳ ತಳ ರಿಪೇರಿ ಮಾಡುವ ಕೆಲಸ. ಅವಳ ಅಣ್ಣನನ್ನು ನುಂಗಿದ್ದೂ ನೀರೇ. ಅದಕ್ಕೇ ಮದುವೆ ಮಾತಾದ ದಿನ, “ಇನ್ನು ನೀರಿಗಿಳಿಯಲ್ಲ, ದಡದ ಕೆಲಸವೇ ಸಾಕು” ಎಂದು ಅವಳ ಕೈ ಹಿಡಿದು ಮಾತು ಕೊಟ್ಟಿದ್ದ. “ನೀನು ಕೂಗಿದ್ರೆ ಸಾಕು, ಹಾರ್ಕೊಂಡು ಬರ್ತೀನಿ” ಎಂದು ನಗಿಸಿಯೂ ಇದ್ದ.

ಅವಳು ಕೂಗಿದ್ದು ಒಂದೇ ಸಲ. ಆಸ್ಪತ್ರೆಯಿಂದ.

“ಅಮ್ಮ ನಿನ್ನನ್ನೇ ಕೇಳ್ತಿದಾಳೆ. ಈಗಲೇ ಹೊರಡು!”

“ಇವತ್ತು… ವಿಮಾನದಲ್ಲಿ ಬರೋಕಾಗಲ್ಲ” ಎಂದಿದ್ದ. ಯಾಕೆಂದು ಹೇಳಿರಲಿಲ್ಲ. ಅಮ್ಮ ಮರುದಿನದವರೆಗೆ ಉಳಿಯಲಿಲ್ಲ. ಆಮೇಲೆ ಅವಳು ಅವನ ಫೋನು ಎತ್ತಲೇ ಇಲ್ಲ.

“ಯಾರಿದ್ಲು ಆವತ್ತು ನಿನ್ನ ಜೊತೆ?” ವರ್ಷವಿಡೀ ಗಂಟಲಲ್ಲಿ ಮುಳ್ಳಾಗಿದ್ದ ಪ್ರಶ್ನೆ ಹೊರಬಿತ್ತು.

“ಯಾರೂ ಇರ್ಲಿಲ್ಲ. ಬೆಳಗ್ಗೆ ನೀರಿಗಿಳಿದಿದ್ದೆ. ಆಳಕ್ಕೆ ಹೋಗಿ ಬಂದ ದಿನ ವಿಮಾನ ಹತ್ತೋ ಹಾಗಿಲ್ಲ. ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಪ್ರಾಣಕ್ಕೇ ಕುತ್ತು. ಬಸ್ಸು ಹತ್ತಿದೆ. ಅರ್ಧ ದಾರೀಲಿ ನಿಮ್ಮ ಚಿಕ್ಕಪ್ಪ ಫೋನ್ ಮಾಡಿ, ಅಮ್ಮ ಹೋದ್ರು ಅಂದ್ರು. ಅಲ್ಲೇ ಇಳಿದುಬಿಟ್ಟೆ.”

“ಯಾಕೆ?”

“ಬಂದಿದ್ರೆ ನಿಜ ಹೇಳ್ಬೇಕಿತ್ತು.”

“ಅಂದ್ರೆ… ನನಗೆ ಮಾತು ಕೊಟ್ಟ ಮೇಲೂ…?”

“ಒಂದು ದಿನಾನೂ ಬಿಟ್ಟಿರ್ಲಿಲ್ಲ.”

‘ಬೇರೆ ಹೆಣ್ಣಾದರೂ ಇದ್ದಿದ್ದರೆ ದ್ವೇಷಿಸುವುದು ಎಷ್ಟು ಸುಲಭವಿತ್ತು!’

“ಅಮ್ಮ ಬಾಗಿಲನ್ನೇ ನೋಡ್ತಿದ್ಲು, ಅಳಿಯ ಬಂದ್ನಾ ಅಂತ…” ಅವಳ ಕಣ್ಣು ತುಂಬಿತು. “ವಿಮಾನದಲ್ಲಿದಾನೆ ಅಮ್ಮ, ಇನ್ನೇನು ಬಂದ ಅಂದೆ. ಸಾಯೋ ತಾಯಿಗೆ ಸುಳ್ಳು ಹೇಳ್ದೆ ಕಣೋ, ನಿನ್ನ ಮಾನ ಉಳಿಸೋಕೆ!”

ಅವನು ಮುಖ ಮುಚ್ಚಿಕೊಂಡ. ಭುಜಗಳು ಅದುರಿದವು. ಆಮೇಲೆ ಎದ್ದು ನಿಂತ.

“ಕ್ಷಮೆ ಕೇಳೋ ಮುಖ ನನಗಿಲ್ಲ. ನಿಜ ಹೇಳಿ ಹೋಗೋಣ ಅಂತ ಬಂದೆ. ನೀನಿಲ್ದೆ ಬದುಕೋಕಾಗ್ತಿಲ್ಲ… ಅದೂ ನಿಜಾನೇ.”

ಬಾಗಿಲವರೆಗೆ ಹೋದವನನ್ನು ಅವಳ ಪ್ರಶ್ನೆ ತಡೆಯಿತು.

“ಈಗಲೂ ಮುಳುಗ್ತೀಯಾ?”

ಇಲ್ಲ ಎಂದುಬಿಡಬಹುದಿತ್ತು. ಅವಳಿಗೆ ಬೇಕಿದ್ದುದೂ ಅದೇ ಮಾತು.

“ಹೂಂ.”

ಬೇವಿನಷ್ಟು ಕಹಿ! ಆದರೆ ಇದೊಂದು ಸುಳ್ಳಾಗಿರಲಿಲ್ಲ. ಅವಳು ಹತ್ತಿರ ಬಂದು ಅವನ ತೋಳು ಹಿಡಿದಳು.

“ನಿನ್ನ ಕ್ಷಮಿಸಿಲ್ಲ. ಕ್ಷಮಿಸ್ತೀನೋ ಇಲ್ವೋ ಅದೂ ಗೊತ್ತಿಲ್ಲ.”

“ಗೊತ್ತು…”

“ಇನ್ಮೇಲೆ ನೀರಿಗಿಳಿಯೋ ಮುಂಚೆ ನನಗೆ ಹೇಳ್ಬೇಕು. ಹೆದರ್ಕೊಳ್ಳೋದು ನನ್ನ ಪಾಲಿಂದು. ಅದನ್ನೂ ಕಿತ್ಕೋಬೇಡ.”

ಅವನು ಅವಳ ಕಣ್ಣೊರೆಸಿದ.

“ನಾಳಿದ್ದು ಇಳೀಬೇಕು ಕಣೇ.”

ಅವಳ ಬೆರಳುಗಳು ತೋಳಿನ ಮೇಲೆ ಬಿಗಿಯಾದವು… ಬಿಡಲಿಲ್ಲ.

“ಎಷ್ಟು ಆಳ?”