ಕತ್ತರಿ ಲಿಫ್ಟಿನ ಎರಡನೆಯ ದೀಪ

ಲಿಫ್ಟ್ ಆಪರೇಟರ್ ತಿರುಮಲನ ಮೇಲೆ ನನಗೆ ಇವತ್ತಿಗೂ ಅನುಮಾನವಿದೆ.

ಕೋಡಂಬಾಕ್ಕಂನಲ್ಲಿ ಹಿಂದೆ ಸಿನಿಮಾ ಸ್ಟುಡಿಯೋ ಆಗಿದ್ದ ಶೆಡ್ಡು ಈಗ ಗೋದಾಮು. ಅದರ ಸೂರಿನ ಬಲ್ಬುಗಳಿಗೆ ಏಣಿ ಎಟುಕುವುದಿಲ್ಲವೆಂದು ಕತ್ತರಿ ಲಿಫ್ಟನ್ನು ಬಾಡಿಗೆಗೆ ತರಿಸಿದ್ದೆ. ಎಣ್ಣೆಯ ಒತ್ತಡಕ್ಕೆ ಅದರ ಕತ್ತರಿಯಂತಹ ಕಾಲುಗಳು ನೆಟ್ಟಗಾಗುತ್ತ, ಮೇಲೆ ನಿಂತವರನ್ನು ಎತ್ತುತ್ತವೆ. ಒಬ್ಬರು ಹತ್ತಿದರೆ ಅದರ ಕಂಬಿಯ ಮೇಲೆ ಒಂದು ದೀಪ ಹೊತ್ತುತ್ತದೆ, ಇಬ್ಬರಾದರೆ ಎರಡು. ಕೆಳಗಿದ್ದವರಿಗೂ ಕಾಣುತ್ತದೆ.

ಮಧ್ಯಾಹ್ನ ನಾನೊಬ್ಬನೇ ಹತ್ತಿದೆ. ಎರಡು ದೀಪ ಹೊತ್ತಿದವು.

“ತಿರುಮಲ, ಇದಕ್ಕೇನು ಮಾಡಿದೀಯ?”

“ನಾನೇನೂ ಮಾಡ್ಲಿಲ್ಲ ಸಾರ್. ಪರವಾಯಿಲ್ಲ, ಮೇಲೆ ಹೋಗಿ,” ಎಂದ, ನನ್ನ ಮುಖ ನೋಡದೆ.

ಏರುವಾಗ ನನ್ನ ಬಲ ಭುಜ ಮಾತ್ರ ಬಿಸಿಯಾಗುತ್ತಿತ್ತು, ಶೂಟಿಂಗಿನ ದೊಡ್ಡ ಲೈಟಿನ ಪಕ್ಕ ನಿಂತ ಹಾಗೆ. ಸೂರಿನಡಿ ಆ ಕಾಲದ ಲೈಟ್‌ಬಾಯ್‌ಗಳು ಕೂರುತ್ತಿದ್ದ ಮರದ ಹಲಗೆ ಇನ್ನೂ ಇತ್ತು. ಅದರ ಮಟ್ಟಕ್ಕೆ ತಲುಪಿದೊಡನೆ ಲಿಫ್ಟು ಸಣ್ಣಗೆ ಅಲುಗಿತು. ಹಲಗೆ ಕಿರುಗುಟ್ಟಿತು. ಎರಡನೆಯ ದೀಪ ಆರಿತು, ಭುಜ ತಣ್ಣಗಾಯಿತು.

ಬಲ್ಬು ಹಾಕಿ ಸರಸರನೆ ಇಳಿದುಬಂದೆ. ಸ್ಕ್ರೂಡ್ರೈವರ್ ಹಲಗೆಯ ಮೇಲೇ ಉಳಿದಿತ್ತು.

“ನಾನ್ ತರ್ತೀನಿ ಬಿಡಿ ಸಾರ್,” ಎಂದು ತಿರುಮಲ ಒಬ್ಬನೇ ಹತ್ತಿದ. ಹೋಗುವಾಗ ಒಂದೇ ದೀಪವಿತ್ತು. ಬರುವಾಗ ಎರಡೂ ಉರಿಯುತ್ತಿದ್ದವು.

ಅವನು ಇಳಿದ ಮೇಲೆ ಒಂದು ಆರಿತು, ಇನ್ನೊಂದು ಆರಲಿಲ್ಲ. ಇಳಿದ ತಕ್ಷಣ ಲಿಫ್ಟಿನ ಗೇಟು ಹಾಕಬೇಕೆಂದು ಬೆಳಗಿನಿಂದ ನನ್ನನ್ನು ಗದರುತ್ತಿದ್ದವನು, ಈಗ ಅದನ್ನು ತೆರೆದೇ ಹಿಡಿದು ಪಕ್ಕಕ್ಕೆ ಸರಿದು ನಿಂತ.

ಆಮೇಲೆ ಅದೂ ಆರಿತು.