ದೊರೆಸಾನಿಯ ಆರನೆಯ ಕಪ್

"ಐದು ಕಪ್ ತಗೊಂಡು ಹೋಗಿ ರಾಯರೇ. ಇದೊಂದು ಬೇಡ." ನೆಲ್ಲಿಬಾಯಿ ಆರನೆಯದನ್ನು ಸೆರಗಿನಲ್ಲಿ ಮುಚ್ಚಿದಳು. "ಬೆಂಗ್ರೆಯ ತುಕ್ರನಿಗೆ ಹೇಳಿ ಆಗಿದೆ. ದೋಣಿಯಲ್ಲಿ ಕೊಂಡುಹೋಗಿ ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ಮುಳುಗಿಸ್ತಾನೆ."

ವಿಠಲರಾಯ ನಕ್ಕುಬಿಟ್ಟ. ಮದರಾಸಿನಿಂದ ಮಂಗಳೂರಿಗೆ ವರ್ಗವಾಗಿ ಬಂದ ವಿಮಾ ಕಂಪೆನಿಯ ಅಧಿಕಾರಿ ಅವನು. ಬೋನ್ ಚೈನಾ ಎಂಬ ಪಿಂಗಾಣಿಯ ಕಪ್‌ಗಳನ್ನು ಕೂಡಿಸುವುದು ಅವನ ಹುಚ್ಚು. ಸ್ವಾತಂತ್ರ್ಯ ಬಂದಮೇಲೆ ಊರು ಬಿಟ್ಟ ದೊರೆಯೊಬ್ಬನ ಬಂಗಲೆಯ ಸೆಟ್ ಫಳ್ನೀರಿನ ಈ ವಿಧವೆಯ ಮನೆಯಲ್ಲಿದೆ ಎಂದು ಯಾರೋ ಹೇಳಿದ್ದೇ ತಡ, ಸುಡುಬಿಸಿಲಲ್ಲೇ ಓಡಿಬಂದಿದ್ದ. ಐದೇ ಕಪ್‌ಗಳ ಸೆಟ್ ಎಂದರೆ ಅವನ ಪಾಲಿಗೆ ಮೂಗಿಲ್ಲದ ಮುಖ.

"ಎಂತ ಉಂಟು ಅದರಲ್ಲಿ? ಭೂತವಾ?"

"ಮಾಟ." ಅವಳ ಧ್ವನಿ ಇಳಿಯಿತು. "ಕೆಲಸದವಳ ಮಗಳು ಒಂದು ಸಾಸರ್ ಒಡೆದಳು ಅಂತ ದೊರೆಸಾನಿ ಅವಳನ್ನು ಮೆಟ್ಟಿಲಿಂದ ದೂಡಿದಳಂತೆ. ಮಗು ಉಳಿಯಲಿಲ್ಲ. ತಾಯಿ ಮಗಳ ಚಿತೆಯ ಬೂದಿ ತಂದು ಈ ಕಪ್ಪಿಗೆ ಮಾಟ ಮಾಡಿಸಿದಳು. ಇದರಲ್ಲಿ ಕುಡಿದವರ ಮೈ ಪಿಂಗಾಣಿ ಆಗ್ತದೆ. ಆಸೆಪಟ್ಟು ತಂದವನೇ ಕೈಯಾರೆ ಒಡೆದರೆ ಮಾತ್ರ ಬಿಡುಗಡೆ. ನನ್ನ ಯಜಮಾನರು ಸೈಮನ್ ಇದನ್ನು ತಂದರು. ಒಡೆಯಲಿಕ್ಕೆ ಅವರಿಗೆ ಮನಸ್ಸು ಬರಲಿಲ್ಲ. ದಿನಾ ಅದರಲ್ಲೇ ಕುಡಿದರು. ಶವದ ಪೆಟ್ಟಿಗೆಯಲ್ಲಿ ಮಲಗಿಸುವಾಗ ಸದ್ದಾಯಿತು."

"ಎಂಥ ಸದ್ದು?"

ಅವಳು ಎಡಗೈ ಚಾಚಿದಳು. ಎರಡು ಬೆರಳಿರಲಿಲ್ಲ. ಉಳಿದ ಮೋಟು ಬಿಳಿಯಾಗಿ, ನುಣ್ಣಗೆ ಹೊಳೆಯುತ್ತಿತ್ತು. "ನಾನು ಒಂದೇ ಗುಟುಕು ಕುಡಿದದ್ದು."

ಕುಷ್ಠವಿರಬೇಕು ಎಂದುಕೊಂಡ ವಿಠಲ. "ಮನೆಯಲ್ಲಿ ಹೆಂಡತಿ ಇದ್ದಾರಲ್ಲ, ಬೇಡ ಮಾರಾಯ್ರೇ" ಎಂದು ಅವಳು ಅಂಗಲಾಚುತ್ತಿದ್ದಂತೆಯೇ ಸೆರಗಿನಡಿಯಿಂದ ಕಪ್ಪನ್ನು ಮೆಲ್ಲಗೆ ಬಿಡಿಸಿಕೊಂಡ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವವರು ಹೀಗೆಯೇ ನಗುನಗುತ್ತ ಕರೆಯುತ್ತಾರೆ.

ಕೊಡಿಯಾಲಬೈಲಿನ ಬಾಡಿಗೆ ಮನೆಯಲ್ಲಿ ಊರ್ಮಿಳಾ ಕಾಯುತ್ತಿದ್ದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪೂಜಾರಿಕೆಯ ಮನೆತನದ ಹುಡುಗಿ. ಎಲುಬಿನ ಬೂದಿ ಬೆರೆಸಿದ ಇಂಥ ಪಾತ್ರೆ ಅಡಿಗೆಕೋಣೆಯ ಹೊಸ್ತಿಲು ದಾಟಬಾರದೆಂದು ಕಟ್ಟು ಹಾಕಿದ್ದಳು. ಹಾಗಾಗಿ ಅವನ ಕಪ್‌ಗಳೆಲ್ಲ ಉಪ್ಪರಿಗೆಯ ಗಾಜಿನ ಕಪಾಟಿನಲ್ಲಿದ್ದವು. ಚಹಾವನ್ನು ಹಿತ್ತಾಳೆ ಚೆಂಬಿನಲ್ಲಿ ಮೇಲಕ್ಕೆ ತಂದು ಅಲ್ಲೇ ಸುರಿಯುವುದು ರೂಢಿ.

ವಿಠಲ ಕಪ್ಪಿನ ಅಂಚನ್ನು ಉಗುರಿನಿಂದ ಮೀಟಿದ. ಟಿಣ್! ನಾದ ನಿಲ್ಲಲೇ ಇಲ್ಲ. ತೊಲೆಯವರೆಗೂ ಹೋಗಿ ತಿರುಗಿ ಬಂತು. ಮಾಡಿನ ಗಾಜಿನ ಹೆಂಚಿನ ಬೆಳಕಿಗೆ ಎತ್ತಿ ಹಿಡಿದ. ಒಳ್ಳೆಯ ಬೋನ್ ಚೈನಾ ಆದರೆ ಹಿಂದಿರುವ ಬೆರಳ ನೆರಳು ಮುಂದೆ ಕಾಣಬೇಕು. ಕಂಡಿತು. ಅವನ ಬೆರಳುಗಳ ನಡುವೆ ಇನ್ನಷ್ಟು ಬೆರಳು. ಸಣ್ಣವು. ಮಗುವಿನವು.

ಕಣ್ಣುಜ್ಜಿ ನೋಡಿದಾಗ ಇರಲಿಲ್ಲ. ಬಿಸಿಲಿಗೆ ತಲೆ ಸುತ್ತಿರಬೇಕು. ಆದರೂ ಅಳುಕಿತು ಮನಸ್ಸು, ಆ ಅಳುಕಿನ ಮೇಲೆ ಅವನಿಗೆ ಸಿಟ್ಟು ಬಂತು. ತನ್ನ ಧೈರ್ಯ ತೋರಿಸಲು ಹೆಂಡತಿಗೇ ಅದರಲ್ಲಿ ಚಹಾ ಸುರಿದು ಕೊಟ್ಟ, ಪುಣ್ಯಾತ್ಮ! ನೆಲ್ಲಿಬಾಯಿಯ ಮಾತನ್ನು ಮಾತ್ರ ಹೇಳಲಿಲ್ಲ.

"ಬೂದಿಯ ವಾಸನೆ ಬರ್ತದೆ," ಎಂದಳು ಊರ್ಮಿಳಾ. ಅವನ ಸಂತೋಷಕ್ಕೆಂದು ಪೂರ್ತಿ ಕುಡಿದಳು.

ಆಮೇಲೆ ಅವಳ ಕೈ ತಣ್ಣಗಾಯಿತು. ಸೆಕೆಯಲ್ಲೂ ತಣ್ಣಗೆ. ಬಳೆ ಮಣಿಕಟ್ಟಿಗೆ ತಾಗಿದರೆ ಟಿಣ್ ಎನ್ನುತ್ತಿತ್ತು. ತರಕಾರಿ ಹೆಚ್ಚುವಾಗ ಮೆಟ್ಟುಕತ್ತಿ ತಾಗಿ ಹೆಬ್ಬೆರಳಿನಿಂದ ಒಂದು ಚಕ್ಕೆ ಎದ್ದಿತು. ರಕ್ತ ಬರಲಿಲ್ಲ. ಚಕ್ಕೆ ಬಿಳಿಯಾಗಿತ್ತು. ಅವಳು ಚೀರಿದಳು. ವಿಠಲ ಅವಳ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಿಂದಿದ್ದ ತನ್ನ ಬೆರಳುಗಳ ನೆರಳು ಅದರೊಳಗಿಂದ ಚೆನ್ನಾಗಿ ಕಂಡಿತು.

ಆಗ ಬಾಯಿಬಿಟ್ಟ. ಎಲ್ಲ ಹೇಳಿದ.

"ಒಡೆದು ಬಿಡಿ," ಎಂದಳು ಅವಳು. "ಈಗಲೇ ಒಡೆದು ಬಿಡಿ. ನಿಮ್ಮ ಕಾಲು ಹಿಡೀತೇನೆ."

ಹಿತ್ತಲ ಒಗೆಯುವ ಕಲ್ಲಿನ ಬಳಿ ಕಪ್ಪನ್ನು ಎತ್ತಿದ. ಇಳಿಬಿಸಿಲು ಅದರೊಳಗೆ ತುಂಬಿಕೊಂಡಿತು. ಅಂಚಿನ ಚಿನ್ನದ ಗೆರೆ ಕೂದಲಿನಷ್ಟು ಸಣ್ಣ, ಎಲ್ಲೂ ಮಾಸಿರಲಿಲ್ಲ. ಇಂಥದ್ದು ಇನ್ನೊಂದು ಎಲ್ಲಿ ಸಿಕ್ಕೀತು? ಕೈ ಇಳಿಯಲಿಲ್ಲ. ಒಳಗೆ ಹೋಗಿ ಸೆಟ್ಟಿನ ಇನ್ನೊಂದು ಕಪ್ ತಂದ. ಅದನ್ನು ಕಲ್ಲಿಗೆ ಅಪ್ಪಳಿಸಿದ.

ಛಳ್!

ಸದ್ದು ಕೇಳಿ ಊರ್ಮಿಳಾ ಒಳಗಿನಿಂದಲೇ ಅತ್ತಳು. "ಈಗ ಮೈ ಹಗುರ ಆಯಿತು," ಎಂದಳು. ಆ ಮಾತು ಕೇಳಿ ನಾಚಿಕೆಯಾಗಿ ಅವನು ಬಗ್ಗಿ ಚೂರುಗಳನ್ನು ಆಯತೊಡಗಿದ. ನಾಳೆ ಒಡೆದರಾಯಿತು, ಇದೊಂದು ಸಂಜೆ ನೋಡಿಕೊಳ್ಳುತ್ತೇನೆ ಎಂದು ಸಮಾಧಾನ ಹೇಳಿಕೊಂಡು, ಮಾಟದ ಕಪ್ಪನ್ನು ಉಪ್ಪರಿಗೆಯ ಇನ್ನೊಂದು ಕಪಾಟಿನಲ್ಲಿ, ಬಟ್ಟೆಗಳ ಹಿಂದೆ ಬಚ್ಚಿಟ್ಟ.

ಮುಸ್ಸಂಜೆ. ಹೆಂಚಿನ ಕಾರ್ಖಾನೆಯ ಸೈರನ್ ಕೂಗಿ ನಿಂತಿತ್ತು. ದೇವರ ದೀಪಕ್ಕೆ ಮಡಿಸೀರೆ ತರಲು ಊರ್ಮಿಳಾ ಮೇಲೆ ಹೋದಳು. ಕೆಳಗೆ ಕುಳಿತಿದ್ದ ವಿಠಲನಿಗೆ ಕಪಾಟಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಸದ್ದಿಲ್ಲ. ಬೂದಿಯ ವಾಸನೆ ಇಳಿದು ಬಂತು. ಹಸಿ ಸೌದೆ, ಸುಟ್ಟ ಎಲುಬು, ಮಸಣ.

ಅವನು ಎದ್ದ. ಮರದ ಮೆಟ್ಟಿಲ ತುದಿಯಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ಕಪ್.

"ಇದು ಎಂತ?" ಎಂದಳು. ಸಿಟ್ಟಿರಲಿಲ್ಲ. ಅದೇ ಅವನನ್ನು ಇರಿಯಿತು. "ನೀವು ಒಡೆದದ್ದು ಎಂತದು ಹಾಗಾದರೆ?"

"ಇಳಿಯಬೇಡ. ಅಲ್ಲೇ ನಿಲ್ಲು. ನಾನು ಬರ್ತೇನೆ."

ಅವಳ ಸೆರಗು ಕದಲಿತು. ಗಾಳಿ ಇರಲಿಲ್ಲ. ಕೆಳಗಿನ ಮೆಟ್ಟಿಲಿನಿಂದ ಒಂದು ಸಣ್ಣ ಕೈಯ ನೆರಳು ಸೆರಗನ್ನು ಹಿಡಿದಿತ್ತು. ಎಳೆಯಿತು.

ಊರ್ಮಿಳಾ ಬಿದ್ದಳು. ಕಪ್ ಹಾರಿತು. ವಿಠಲ ಮುನ್ನುಗ್ಗಿದ. ಎರಡೂ ಕೈ ಚಾಚಿದ. ಯೋಚಿಸಲು ಹೊತ್ತಿರಲಿಲ್ಲ. ಇಷ್ಟು ವರ್ಷ ಪಳಗಿದ ಕೈಗಳು ತಾವಾಗಿಯೇ ಎದ್ದವು. ಹಿಡಿದವು.

ಛಳ್!

ದೀರ್ಘವಾದ, ಮಧುರವಾದ ನಾದ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ, ಚೂರುಚೂರಾಗಿ, ಅವನ ಕಾಲಬುಡದಲ್ಲಿ ನಿಂತಿತು. ಬಳೆಯೊಂದು ಜಗಲಿಯವರೆಗೂ ಉರುಳಿಕೊಂಡು ಹೋಯಿತು.

ವಿಠಲ ತನ್ನ ಅಂಗೈಗಳನ್ನು ನೋಡಿಕೊಂಡ. ಕಪ್ಪಿಗೆ ಒಂದು ಗೀರೂ ಬಿದ್ದಿರಲಿಲ್ಲ.